ಗೂಡು ನುಂಗಿದ ಇಟ್ಟಿಗೆ

"ಏನ್ ಬಾನಾ ಲೊಂಬೆ, ಗೋಡೆಗೆ ಸ್ನಾನ ಮಾಡಿಸ್ತಾ ಇದ್ದೀರಾ? ಸೋಪು ತರಿಸ್ಲಾ?"

ನಮ್ಮ ಕಸೆಂಗು ವಾರ್ಡಿನ ಕೌನ್ಸಿಲರ್ ನ್ಸೊಫ್ವಾ ಮಾವಿನ ಮರದ ನೆರಳಲ್ಲಿ ಸೈಕಲ್ಲಿಗೆ ಒರಗಿ ನಿಂತು ಕೂಗಿದ. ನಾನು ಸೋರೆಬುರುಡೆಯಲ್ಲಿ ಇನ್ನೊಂದು ಸಲ ನೀರು ಮೊಗೆದು ಇಟ್ಟಿಗೆ ಗೂಡಿನ ಮೇಲೆ ಎರಚಿದೆ. ಸುಟ್ಟ ಮಣ್ಣಿನ ಮೇಲೆ ನೀರು ಜಾರಿ ಕಾಲಿಗೆ ಬಂತು.

ಹಿಂದಿನ ದಿನ, ಅಂದರೆ ಸೋಮವಾರ, ಊರವರೆಲ್ಲ ಸೇರಿ ಈ ಗೂಡನ್ನು ಮೇಲಿಂದ ಬಿಚ್ಚಿದಾಗ ಅರ್ಧ ಗೂಡು ಒಳಗೇ ಖಾಲಿಯಾಗಿತ್ತು. ಹೊರಗಿನ ಚಿಪ್ಪು ಮಾತ್ರ ಹಾಗೇ ಇತ್ತು, ಮೆತ್ತಿದ ಮಣ್ಣಿನಲ್ಲಿ ಒಂದು ಬಿರುಕೂ ಇರಲಿಲ್ಲ. ಹೆಂಗಸರು ಕೆಲವರು ಮಾಟ ಅಂದರು. ನಾನು ಮೂವತ್ತು ವರ್ಷ ಪೊಲೀಸ್ ಇಲಾಖೆಯಲ್ಲಿ ಸಾರ್ಜೆಂಟ್ ಆಗಿದ್ದವಳು. ಮಾಟ ಮಾಡಿದವರನ್ನು ಬೇಕಾದಷ್ಟು ಹಿಡಿದಿದ್ದೇನೆ, ಎಲ್ಲರ ಚೀಲದಲ್ಲೂ ಕದ್ದ ಮಾಲು ಇರುತ್ತಿತ್ತು.

ಗೂಡಿನ ಸುತ್ತ ನೀರು ಎರಚುತ್ತಾ ಹೊಳೆಯ ಕಡೆಯ ಮಗ್ಗುಲಿಗೆ ಬಂದೆ. ಇಲ್ಲಿ ನೀರು ಜಾರಲಿಲ್ಲ. ಗೋಡೆ ನೀರನ್ನು ಗಟಗಟ ಕುಡಿಯಿತು. ಸ್ವಲ್ಪ ಹೊತ್ತಿಗೆ ಮಣ್ಣು ಮೆತ್ತಗಾಗಿ ಬೂದು ಬಣ್ಣದ ಕೆಸರು ಇಳಿಯತೊಡಗಿತು.

"ಬನ್ನಿ ಕೌನ್ಸಿಲರ್ರೇ, ಈಗ ಸೋಪು ತನ್ನಿ," ಅಂದೆ.

ನ್ಸೊಫ್ವಾ ಸೈಕಲ್ ಬಿಟ್ಟು ಓಡಿಬಂದ. ನಾನು ಬೆರಳು ಚುಚ್ಚಿ ತೋರಿಸಿದೆ. ಗೂಡು ಉರಿಸುವಾಗ ಮೇಲೆ ಮೆತ್ತಿದ ಮಣ್ಣೂ ಇಟ್ಟಿಗೆಯ ಜೊತೆಗೇ ಬೇಯುತ್ತದೆ. ಬೆಂದ ಮಣ್ಣು ಕರಗುವುದಿಲ್ಲ. ಇಲ್ಲಿ ಒಂದು ಬಾಗಿಲಿನಷ್ಟು ಜಾಗ ಮಾತ್ರ ಹಸಿ ಮಣ್ಣು. ಅದೂ ನಮ್ಮ ಹೊಳೆದಂಡೆಯ ಕೆಂಪು ಮಣ್ಣಲ್ಲ, ಹುತ್ತದ ಬೂದು ಮಣ್ಣು, ಮೇಲೆ ಕೆಂಪು ಪುಡಿ ಉಜ್ಜಿ ಬಣ್ಣ ಸೇರಿಸಿದ್ದು.

"ಅಂದ್ರೆ ಬೆಂಕಿ ಆರಿದ ಮೇಲೆ ಇಲ್ಲಿ ಒಡೆದಿದ್ದಾರೆ, ತಗೊಂಡಿದ್ದಾರೆ, ತಿರುಗಿ ಮೆತ್ತಿದ್ದಾರೆ."

"ಪಕ್ಕದ ಲುಪಾಂಡೊದವ್ರೇ!" ನ್ಸೊಫ್ವಾ ತೊಡೆ ತಟ್ಟಿದ. "ನಾನು ನಿನ್ನೇನೇ ಹೇಳ್ಲಿಲ್ವಾ? ನಿಮ್ಮನೆಯವರೂ ಅದೇ ಹೇಳಿದ್ರು, ಲುಪಾಂಡೊದವ್ರ ಕೆಲಸ ಅಂತ. ನಮ್ಮ ಅನುದಾನದ ಮೇಲೆ ಅವ್ರಿಗೆ ಕಣ್ಣು."

"ಕಳ್ಳರು ಇಷ್ಟು ಚೆಂದ ಮಾಡಿ ಹೋಗ್ತಾರೇನ್ರೀ? ಒಳಗೆ ನೋಡಿ, ಮೇಲಿನ ಸಾಲು ಕುಸೀಬಾರ್ದು ಅಂತ ಗೂಟ ಕೊಟ್ಟಿದ್ದಾರೆ. ಗೋಡೆ ಮೇಲೆ ಅಂಗೈ ಆಡಿಸಿರೋದು ನೋಡಿ. ಯಾರೇ ಆಗ್ಲಿ, ಒಳ್ಳೇ ಕೈ."

ನನಗೆ ನಿಜವಾಗಿಯೂ ಸಂತೋಷವಾಗಿತ್ತು. ನಿವೃತ್ತಿಯಾದ ಮೇಲೆ ಕೋಳಿ ಕದ್ದವನ ಬಿಟ್ಟು ದೊಡ್ಡದೇನೂ ಕೈಗೆ ಸಿಕ್ಕಿರಲಿಲ್ಲ. ಈ ಕಳ್ಳ ಕೆಲಸ ಬಲ್ಲವನು.

ಆದರೆ ಇದು ಆಟದ ವಿಷಯವಲ್ಲ ಎಂಬುದು ನನಗೂ ಗೊತ್ತಿತ್ತು. ನಮ್ಮ ಕ್ಲಿನಿಕ್ಕಿನ ಪಕ್ಕದಲ್ಲಿ ಬಸುರಿಯರಿಗೆ ಒಂದು ತಂಗುಮನೆ ಬೇಕೆಂದು ಕೇಳಿ ಕೇಳಿ ನಾಲಿಗೆ ಸವೆದಿತ್ತು. ಹೊಳೆಯಾಚೆಯ ಹೆಂಗಸರು ದಿನ ತುಂಬುವ ಮೊದಲೇ ಬಂದು ಅಲ್ಲಿ ಇರಬಹುದು. ಇಲ್ಲದಿದ್ದರೆ ಹೆರಿಗೆ ದಾರಿಯಲ್ಲೇ. ನನ್ನ ಮಗಳು ಲೊಂಬೆ ಹುಟ್ಟಿದ್ದು ಎತ್ತಿನ ಗಾಡಿಯಲ್ಲಿ, ಮೆಕ್ಕೆಜೋಳದ ಮೂಟೆಗಳ ನಡುವೆ. ಅವತ್ತಿನಿಂದ ನಾನು ಬಾನಾ ಲೊಂಬೆ, ಲೊಂಬೆಯ ತಾಯಿ. ಗಾಡಿ ಹೊಡೆಯುತ್ತಾ ಅಳುತ್ತಿದ್ದ ನನ್ನ ಗಂಡ ಬಾಶಿ ಲೊಂಬೆ, ಲೊಂಬೆಯ ತಂದೆ. ಈಗ ಆ ಲೊಂಬೆಯೇ ತುಂಬು ಬಸುರಿ, ಹೊಳೆಯಾಚೆ ಗಂಡನ ಮನೆಯಲ್ಲಿದ್ದಾಳೆ.

ಈ ವರ್ಷ ಕೊನೆಗೂ ಸರ್ಕಾರ ಜಿಲ್ಲಾ ಕೌನ್ಸಿಲಿಗೆ ಅನುದಾನ ಕಳಿಸಿತು, ಕೌನ್ಸಿಲ್ ನಮ್ಮ ಹೆಸರು ಆರಿಸಿತು. ಸಿಮೆಂಟು, ತಗಡು, ಮೇಸ್ತ್ರಿಯ ಕೂಲಿ ಅವರದು. ಇಟ್ಟಿಗೆ, ಮರಳು, ಜಲ್ಲಿ ಊರವರದು. ಊರವರ ಪಾಲು ಕಣ್ಣಿಗೆ ಕಾಣದೆ ಅವರ ಪಾಲು ಬಿಚ್ಚುವುದಿಲ್ಲ. ಜಿಲ್ಲಾ ಕಚೇರಿಯಿರುವ ಬೋಮಾದಿಂದ ಮ್ವೆಲ್ವಾ ಎಂಬ ಮೇಡಂ ಶುಕ್ರವಾರ ಬಂದು ನೋಡುತ್ತಾರೆ. ಇಟ್ಟಿಗೆ ಇಲ್ಲದಿದ್ದರೆ ಅನುದಾನ ಪಕ್ಕದ ಲುಪಾಂಡೊ ವಾರ್ಡಿಗೆ, ಅವರ ಸಂತೆಕಟ್ಟೆಗೆ. ಕೈಗೆ ಬಂದ ತುತ್ತು ಬಾಯಿಗೆ ಬರುವುದಿಲ್ಲ.

"ಇವತ್ತು ಸಂಜೆ ಚಾವಡೀಲಿ ಜನ ಸೇರ್ತಾರೆ. ಕಳ್ಳನ ಹೆಸರು ಹೇಳ್ತೀನಿ ಅಂತ ನೀವು ಮಾತು ಕೊಟ್ಟಿದ್ದೀರ," ನ್ಸೊಫ್ವಾ ನೆನಪಿಸಿದ. "ಹೆಸರು ಸಿಕ್ಕಿದ್ರೆ ಮಾಲು ಸಿಗುತ್ತೆ. ಮಾಲು ಸಿಕ್ಕಿದ್ರೆ ಶುಕ್ರವಾರ ನನ್ನ ಮರ್ಯಾದೆ ಉಳಿಯುತ್ತೆ."

"ನಿಮ್ಮ ಮರ್ಯಾದೆ ಆಮೇಲೆ. ಮೊದಲು ಬಸುರಿಯರು."

*

ಮೊದಲು ಹೋದದ್ದು ಕಟೋಂಗೊ ಅಂಗಡಿಗೆ. ಕಟೋಂಗೊ ನಮ್ಮಲ್ಲಿ ದಪ್ಪ ಹೊಟ್ಟೆಯ ಏಕೈಕ ವ್ಯಾಪಾರಿ. ಅಂಗಡಿಯ ಹಿಂದೆ ಹೊಸದಾಗಿ ಒಂದು ಹೆಂಡದ ಕೋಣೆ ಕಟ್ಟಿಸುತ್ತಿದ್ದ. ಕೆಂಪು ಇಟ್ಟಿಗೆಯ ಗೋಡೆ ಸೊಂಟದೆತ್ತರ ಬಂದಿತ್ತು.

ನಾನು ಅಂಗಳಕ್ಕೆ ಕಾಲಿಡುವ ಮೊದಲೇ ಅವನು ಬಾಯಿ ತೆರೆದ. "ನನ್ನ ಇಟ್ಟಿಗೆ ನಂದೇ! ಬೋಮಾದಿಂದ ಲಾರೀಲಿ ತರ್ಸಿದ್ದು!"

"ನಾನು ಏನಾದ್ರೂ ಕೇಳಿದ್ನಾ? ಉಪ್ಪು ತಗೊಳೋಕೆ ಬಂದೆ ಮಾರಾಯ."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಜಾತಿ ಇದು. ಆದರೂ ಗೋಡೆಯ ಹತ್ತಿರ ಹೋಗಿ ಬಗ್ಗಿ ನೋಡಿದೆ. ನಮ್ಮ ಹೆಂಗಸರು ಹಸಿ ಇಟ್ಟಿಗೆಯನ್ನು ಅಚ್ಚಿನಿಂದ ತೆಗೆದ ಕೂಡಲೇ ನಡುವೆ ಹೆಬ್ಬೆರಳು ಒತ್ತುತ್ತಾರೆ. ತಂಗುಮನೆಯ ಗೋಡೆಯಲ್ಲಿ ತಮ್ಮ ಬೆರಳೂ ಇರಲಿ ಎಂಬ ಆಸೆ. ಕಟೋಂಗೊನ ಇಟ್ಟಿಗೆಗಳ ಮುಖ ನುಣ್ಣಗೆ ಬೋಳಾಗಿತ್ತು. ಅವನಿಗೆ ಗಿರಾಕಿಯ ಜೇಬು ಕತ್ತರಿಸುವುದು ಬರುತ್ತದೆಯೇ ಹೊರತು ಗೂಡು ಒಡೆಯುವುದು ಬರುವುದಿಲ್ಲ.

"ನಿನ್ನ ಕೈವಾಡ ಅಲ್ಲ ಬಿಡು," ಅಂದೆ.

ಹೆದರಿಕೆ ಹೋದ ಮೇಲೆ ಅವನಿಗೆ ಸಿಟ್ಟು ಬಂತು. "ಇಟ್ಟಿಗೆ ಬೇಕಾದ್ರೆ ಬದುಕಿರೋ ನಮ್ಮನ್ನ ಯಾಕೆ ಕೇಳ್ತೀಯ, ಸತ್ತವ್ರನ್ನ ಕೇಳು! ಶನಿವಾರ ನಿಮ್ಮ ಕುಲದ ಅಜ್ಜಿಗೆ ಗುಂಡಿ ಒಳಗೆ ಇಟ್ಟಿಗೆ ಕೋಣೇನೇ ಕಟ್ಟಿದ್ರಲ್ಲ. ಅದು ಯಾವ ಅಂಗಡೀಲಿ ಕೊಂಡಿದ್ದು? ನನ್ನ ಅಂಗಡೀಲಂತೂ ಅಲ್ಲ."

ನನ್ನ ಕೈಯಲ್ಲಿದ್ದ ಉಪ್ಪಿನ ಪೊಟ್ಟಣ ಕೈಯಲ್ಲೇ ಉಳಿಯಿತು.

ಶನಿವಾರ ಚಿಕ್ಕಜ್ಜಿ ಕಲುಬಾಳನ್ನು ಮಣ್ಣು ಮಾಡಿದೆವು. ತುಂಬು ವಯಸ್ಸು, ನಿದ್ದೆಯಲ್ಲೇ ಹೋದಳು. ಅತ್ತೆವು, ನಕ್ಕೆವು, ಉಂಡೆವು. ಗುಂಡಿಯ ಒಳಗೆ ನಾಲ್ಕೂ ಕಡೆ ಇಟ್ಟಿಗೆ ಕಟ್ಟಿದ್ದನ್ನು ನೋಡಿ, ಅಜ್ಜಿಗೆ ಮಣ್ಣು ತಾಗದ ಹಾಗೆ ಮಾಡಿದರಲ್ಲ ಎಂದು ನನ್ನ ಕಣ್ಣು ಒದ್ದೆಯಾಗಿತ್ತು. ಇಟ್ಟಿಗೆ ಎಲ್ಲಿಂದ ಬಂತು ಎಂದು ಕೇಳುವ ಬುದ್ಧಿ ಬರಲಿಲ್ಲ. ಅಳುವಾಗ ಸಾರ್ಜೆಂಟೂ ಕುರುಡಿ.

ಆ ಗುಂಡಿ ತೋಡಿದವನು ಸಂಪಾ.

*

"ಬಾ ಬಾ ಮುದಿ ಮೇಕೆ! ಚಿರತೆ ಗವಿಗೆ ನೀನಾಗಿ ನಡ್ಕೊಂಡು ಬಂದ್ಯಾ? ಹೆಂಡ್ತೀ, ಉಪ್ಪು ಖಾರ ಅರಿ!"

ಸಂಪಾ ಹಲಸಿನ ಗಾತ್ರದ ಮಡಕೆಯ ಮುಂದೆ ಕುಳಿತು ಜೊಂಡಿನ ಕೊಳವೆಯಲ್ಲಿ ರಾಗಿ ಹೆಂಡ ಹೀರುತ್ತಿದ್ದ. ಬಿಸಿ ಹೆಂಡದ ಘಮ ಅಂಗಳ ತುಂಬಿತ್ತು. ಪಕ್ಕದಲ್ಲಿ ಹುರಿದ ಕಂಬಳಿಹುಳದ ತಟ್ಟೆ.

"ಉಪ್ಪು ನಾನೇ ತಂದಿದ್ದೀನಿ," ಎಂದು ಪೊಟ್ಟಣ ತೋರಿಸಿದೆ. "ಹಲ್ಲು ಮಾತ್ರ ನೀನು ಹುಡುಕ್ಕೋಬೇಕು. ಬಾಯಲ್ಲಿ ಒಂದೂ ಕಾಣ್ತಿಲ್ಲ."

ಅವನು ಹೊಟ್ಟೆ ಹಿಡಿದು ನಕ್ಕ. ನಾನು ಮೇಕೆ ಕುಲದವಳು, ಅವನು ಚಿರತೆ ಕುಲದವನು. ಹಿರಿಯರ ಕಾಲದಿಂದ ಮೇಕೆಗೂ ಚಿರತೆಗೂ ಗೇಲಿಯ ನಂಟು. ಅವನು ಏನು ಬೈದರೂ ನಾನು ಮುನಿಯುವ ಹಾಗಿಲ್ಲ. ನಮ್ಮ ಕುಲದಲ್ಲಿ ಯಾರೇ ಸತ್ತರೂ ಗುಂಡಿ ತೋಡುವವನು ಅವನೇ. ಸಾವಿನ ಮನೆಯಲ್ಲಿ ಕಂಡದ್ದನ್ನು ಎತ್ತಿಕೊಂಡು ಓಡಿ ಅಳುವವರನ್ನು ನಗಿಸುವವನೂ ಅವನೇ. ನನ್ನ ಅಮ್ಮ ತೀರಿದ ದಿನ ನನ್ನ ಪೊಲೀಸ್ ಟೋಪಿ ಹಾಕಿಕೊಂಡು ಹೆಣದ ಮುಂದೆ ಕವಾಯತು ಮಾಡಿದ್ದ. ಒಂದು ಕೋಳಿ ಕೊಟ್ಟು ಟೋಪಿ ಬಿಡಿಸಿಕೊಂಡಿದ್ದೆ.

ನಾನು ಕೂತು ಇನ್ನೊಂದು ಕೊಳವೆ ಬಾಯಿಗಿಟ್ಟುಕೊಂಡೆ. ಹೆಂಡ ಚೆನ್ನಾಗಿತ್ತು. ಒಳ್ಳೆಯ ಹೆಂಡ ಕುಡಿಯುತ್ತಾ ತನಿಖೆ ಮಾಡುವ ಭಾಗ್ಯ ನೌಕರಿಯಲ್ಲಿ ಎಂದೂ ಸಿಕ್ಕಿರಲಿಲ್ಲ.

"ಅಜ್ಜಿ ಗುಂಡಿಗೆ ಇಟ್ಟಿಗೆ ಎಲ್ಲಿಂದ ತಂದೆ ಸಂಪಾ?"

"ನಿನ್ನ ಗೂಡಿಂದ."

ಅಷ್ಟು ಸಲೀಸಾಗಿ ಹೇಳಿಬಿಟ್ಟ. ನನಗೆ ಹೆಂಡ ನೆತ್ತಿಗೇರಿತು.

"ಕೆಮ್ಮು, ಕೆಮ್ಮು. ಎಷ್ಟೊತ್ತಿಗೆ ಬರ್ತೀಯ ಅಂತ ನಾನೂ ಕಾಯ್ತಾನೇ ಇದ್ದೆ. ಶನಿವಾರ ತಗೊಂಡೆ, ಇವತ್ತು ಮಂಗಳವಾರ. ಪೊಲೀಸಮ್ಮ ಅಂತೆ! ಎರಡು ಕೋಳಿ ಕೊಡು, ಕೇಸು ಮುಗಿಸ್ತೀನಿ."

"ಅದು ನನ್ನ ಗೂಡಲ್ಲ ಕಣೋ!"

"ಮತ್ಯಾರದು? ಗೂಡು ನಿಂತಿರೋದು ನಿಮ್ಮಮ್ಮನ ಹಳೇ ತೋಟದಲ್ಲಿ. ಅದು ಮೇಕೆಗಳ ನೆಲ. ಉರಿಸಿದವ್ನು ನಿನ್ನ ಗಂಡ. ಸತ್ತವಳು ಮೇಕೆ. ಮೇಕೆ ಸಾವಿಗೆ ಮೇಕೆ ಮಾಲು ಎತ್ತೋದು ನನ್ನ ಹಕ್ಕು. ಹಿರಿಯರನ್ನ ಕೇಳು ಬೇಕಾದ್ರೆ."

"ಆ ನೆಲಾನ ನಾವು ವಾರ್ಡಿಗೆ ಬಿಟ್ಟುಕೊಟ್ಟಿದ್ದೀವಿ. ಅದರೊಳಗೆ ಇರೋದು ಎಲ್ಲಾ ಕುಲದ ಹೆಂಗಸರು ಹಾಕಿದ ಇಟ್ಟಿಗೆ. ಮೀನು ಕುಲದವ್ರದು, ಮೊಸಳೆ ಕುಲದವ್ರದು. ಯಾಕೆ, ನಿನ್ನ ಹೆಂಡತೀದೂ ಇದೆ! ಅವಳೇ ಹೊಳೆಯಿಂದ ನೀರು ಹೊತ್ತು ಮಣ್ಣು ತುಳಿದಿದ್ದಾಳೆ. ನೀನು ಕದ್ದಿರೋದು ಬಸುರಿಯರ ತಂಗುಮನೆ."

ಅಡಿಗೆಮನೆಯ ಬಾಗಿಲಲ್ಲಿ ಸಂಪಾನ ಹೆಂಡತಿ ಸೌಟು ಹಿಡಿದು ನಿಂತಿದ್ದಳು. ಅವಳು ಸೌಟನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸಿದಳು.

ಸಂಪಾನ ಮುಖ ಇಳಿಯಿತು. "ಅಯ್ಯೋ. ಸರ್ಕಾರದ ಅನುದಾನದ್ದಾ ಅದು? ಸರ್ಕಾರ ಯಾವ ಕುಲ? ಸರ್ಕಾರಕ್ಕೂ ನಮ್ಗೂ ಗೇಲಿ ನಂಟು ಇಲ್ವಲ್ಲ!"

ನಗಬಾರದೆಂದುಕೊಂಡರೂ ನಗು ಬಂತು. ಅವನ ಹೆಂಡತಿಗೂ ಬಂತು. ಇಡೀ ಜಿಲ್ಲೆಯಲ್ಲಿ ನಮ್ಮೂರಲ್ಲಿ ಮಾತ್ರ ಸರ್ಕಾರದ ಅನುದಾನ ಗೇಲಿಯ ನಂಟಿಗೆ ಬಿದ್ದು ಅಜ್ಜಿಯ ಜೊತೆ ಮಣ್ಣಾಗಲು ಸಾಧ್ಯ.

"ನಾನೇ ತುಳಿದು, ನಾನೇ ಅಚ್ಚು ಹಾಕಿ ಕೊಡ್ತೀನಿ," ಅಂದ ಅವನು. "ಅಜ್ಜಿ ಹತ್ರ ಇರೋದನ್ನಂತೂ ತಿರುಗಿ ಕೇಳೋ ಹಾಗಿಲ್ಲ."

"ಅದು ಆಮೇಲಿನ ಮಾತು. ಶುಕ್ರವಾರಕ್ಕೆ ಬೇಕು ನಂಗೆ. ಅಜ್ಜಿಗೆ ಹೋಗಿ ಉಳಿದ ಇಟ್ಟಿಗೆ ಎಲ್ಲಿಟ್ಟಿದ್ದೀಯ?"

"ಉಳಿದದ್ದಾ? ಗೂಡಲ್ಲೇ ಇದೆ."

"ಅರ್ಧ ಗೂಡು ಖಾಲಿ ಕಣೋ. ಅಜ್ಜಿಗೆ ಅಷ್ಟೊಂದು ಬೇಕಿತ್ತಾ? ಅರಮನೆ ಕಟ್ಟಿದ್ಯಾ ಅವಳಿಗೆ?"

ಸಂಪಾ ಕೊಳವೆ ಕೆಳಗಿಟ್ಟ. ಗೇಲಿಯ ಮುಖ ಹೋಗಿ ಬೇರೊಂದು ಮುಖ ಬಂತು. ಆ ಮುಖವನ್ನು ನಾನು ಮಸಣದಲ್ಲಿ ಮಾತ್ರ ನೋಡಿದ್ದೆ.

"ಬಾನಾ ಲೊಂಬೆ, ನಾನು ತಗೊಂಡಿದ್ದು ಒಂದೇ ಒಂದು ಗಾಡಿ. ನಾನು ಒಡೆದಾಗ ಗೂಡು ತುಂಬಿ ತುಳುಕ್ತಿತ್ತು. ನಿನ್ನೆ ನೀವು ಬಿಚ್ಚುವಾಗ ನಾವಿಬ್ರೂ ಊರಲ್ಲಿರ್ಲಿಲ್ಲ."

"ಹಾಗಾದ್ರೆ ಹುತ್ತದ ಮಣ್ಣು ತಂದು ಅಷ್ಟು ಚೆಂದ ಯಾಕೆ ಮುಚ್ಚಿದೆ?"

"ಮುಚ್ಚೋದಾ?" ಅವನಿಗೆ ನಿಜವಾಗಿ ಅವಮಾನವಾಯಿತು. "ನಾನ್ಯಾಕೆ ಮುಚ್ಲಿ? ಮುಚ್ಚಿದ್ರೆ ಕಳ್ಳತನ ಆಗುತ್ತೆ. ಗೇಲಿ ನಂಟಿನವ್ನು ಹಾಡುಹಗಲಲ್ಲಿ ಎತ್ಬೇಕು, ತೆರೆದೇ ಬಿಡಬೇಕು, ನೀವು ನೋಡಿ ಹೊಟ್ಟೆ ಉರ್ಕೊಂಡು ಬಂದು ನನ್ನ ಕಾಲು ಹಿಡೀಬೇಕು. ಅದೇ ಅಲ್ವಾ ಮಜಾ? ತೂತು ಹಾಗೇ ಬಾಯಿ ತೆರ್ಕೊಂಡಿರ್ಲಿ ಅಂತ ಬಿಟ್ಟೆ. ಯಾರು ತಗೊಂಡ್ರು ಅಂತ ಗೊತ್ತಾಗ್ಲಿ ಅಂತ ಗುರುತೂ ಇಟ್ಟು ಬಂದೆ."

ಇದು ಸುಳ್ಳಲ್ಲ ಎಂದು ನನಗೆ ಆ ಕ್ಷಣದಲ್ಲೇ ಗೊತ್ತಾಯಿತು. ಟೋಪಿ ಎತ್ತಿದ ದಿನವೂ ಅವನು ಅದನ್ನು ತಲೆಯ ಮೇಲೇ ಇಟ್ಟುಕೊಂಡು ಊರೆಲ್ಲ ತಿರುಗಿದ್ದ, ಬಚ್ಚಿಟ್ಟಿರಲಿಲ್ಲ. ಶನಿವಾರ ಹಗಲಲ್ಲಿ ಊರಿಗೆ ಊರೇ ಸಾವಿನ ಮನೆಯಲ್ಲಿತ್ತು, ಅದಕ್ಕೇ ಅವನು ಹೋದದ್ದನ್ನು ಯಾರೂ ಕಾಣಲಿಲ್ಲ. ಆಮೇಲೆ ಇನ್ನೊಬ್ಬರು ಬಂದಿದ್ದಾರೆ. ತೆರೆದ ಬಾಯಿಯಿಂದ ಉಳಿದ ಇಟ್ಟಿಗೆ ತೆಗೆದಿದ್ದಾರೆ, ಗೂಟ ಕೊಟ್ಟಿದ್ದಾರೆ, ಮುಚ್ಚಿದ್ದಾರೆ. ಸಂಪಾನ ಗುರುತನ್ನೂ ಎತ್ತಿಕೊಂಡು ಹೋಗಿದ್ದಾರೆ.

"ಏನು ಗುರುತು ಇಟ್ಟಿದ್ದೆ?"

"ಮೇಕೆ ಗಂಟೆ. ತೂತಿನ ಮೇಲೇ ಗೂಟ ಹೊಡೆದು ನೇತು ಹಾಕಿದ್ದೆ. ಮೇಕೆಗಳೇ, ಚಿರತೆ ಬಂದು ಹೋಗಿದೆ ಅಂತ. ನಮ್ಮಜ್ಜಂದು ಅದು, ಹಳೇ ಗುದ್ದಲಿ ಕಬ್ಬಿಣ. ನಾಲಿಗೆ ಬಿದ್ದು ಹೋಗಿತ್ತು, ಸೈಕಲ್ ನಟ್ಟು ಕಟ್ಟಿದ್ದೆ. ಗಂಟೆ ಥರ ಸದ್ದೂ ಮಾಡಲ್ಲ ಮುಂಡೇದು. ಮುದುಕನ ಥರ ಕೆಮ್ಮುತ್ತೆ."

ನಾನು ಎದ್ದೆ. ಕಂಬಳಿಹುಳದ ತಟ್ಟೆ ಕಾಲಿಗೆ ತಾಗಿ ಮಗುಚಿತು.

"ಏನಾಯ್ತೇ ಮೇಕೆ?" ಸಂಪಾ ಕೇಳಿದ. "ಚಿರತೆ ಕಂಡವ್ಳ ಥರ ಆಗಿದ್ದೀಯ."

*

ನಮ್ಮ ಮನೆ ಹೊಳೆಯ ದಾರಿಯ ತಿರುವಿನಲ್ಲಿದೆ. ಈ ದಾರಿಯಲ್ಲಿ ನಡೆಯುವಾಗೆಲ್ಲ ನನಗೆ ಮನಸ್ಸು ತುಂಬಿ ಬರುತ್ತದೆ. ಪಿಂಚಣಿ ಇದೆ, ಕಡಲೆಕಾಯಿ ಹೊಲ ಇದೆ, ಮನೆಯಲ್ಲಿ ಒಬ್ಬ ಒಳ್ಳೆಯ ಮನುಷ್ಯ ಇದ್ದಾನೆ. ಬಾಶಿ ಲೊಂಬೆ ಈ ಸೀಮೆಯಲ್ಲಿ ಹೆಸರಾದ ಗೂಡು ಉರಿಸುವವರು. ಭಾನುವಾರ ಅವರು ಪ್ರಾರ್ಥನೆಗೆ ಬರಲಿಲ್ಲ, ಸೊಂಟ ಹಿಡಿದುಕೊಂಡಿದೆ ಎಂದು ಮನೆಯಲ್ಲೇ ಉಳಿದರು. ಮಧ್ಯಾಹ್ನ ನಾನು ಬಂದು ಎಣ್ಣೆ ಕಾಯಿಸಿ ಉಜ್ಜಿದೆ. ಅವರು ಕಣ್ಣು ಮುಚ್ಚಿ, ನಿನ್ನಂಥ ಹೆಂಡತಿ ಬೋಮಾದಲ್ಲೂ ಸಿಗಲ್ಲ ಅಂದರು. ನನಗೆ ಈ ವಯಸ್ಸಿನಲ್ಲೂ ನಾಚಿಕೆಯಾಯಿತು.

ಅವತ್ತೇ ನಮ್ಮ ಕಪ್ಪು ಮೇಕೆಯ ಕೊರಳಲ್ಲಿ ಹೊಸದೊಂದು ಸದ್ದು ಕೇಳಿತ್ತು. ಏನ್ರೀ ಇದಕ್ಕೆ ಶೀತ ಆಗಿದೆಯಾ ಎಂದು ಕೇಳಿ ನಾನು ನಕ್ಕಿದ್ದೆ. ಅವರೂ ನಕ್ಕಿದ್ದರು. ಸೋಮವಾರವೂ ಈ ಬೆಳಿಗ್ಗೆಯೂ ಆ ಸದ್ದು ಕೇಳುತ್ತಲೇ ಎದ್ದಿದ್ದೆ, ಕೇಳುತ್ತಲೇ ಹಲ್ಲುಜ್ಜಿದ್ದೆ, ಕೇಳುತ್ತಲೇ ಕಳ್ಳನನ್ನು ಹುಡುಕಲು ಹೊರಟಿದ್ದೆ. ದೀಪದ ಬುಡದಲ್ಲೇ ಕತ್ತಲೆ.

ಮೇಕೆ ಬೇಲಿಯ ಬಳಿ ಮೇಯುತ್ತಿತ್ತು. ನನ್ನನ್ನು ನೋಡಿ ತಲೆಯೆತ್ತಿತು. ಕೊರಳ ಗಂಟೆ ಕೆಮ್ಮಿತು.

ಹಗ್ಗ ಬಿಚ್ಚಿ ಗಂಟೆಯನ್ನು ಅಂಗೈಯಲ್ಲಿ ಮಗುಚಿದೆ. ಗುದ್ದಲಿ ಕಬ್ಬಿಣ. ಒಳಗೆ ಸೈಕಲ್ ನಟ್ಟು.

"ಬಂದ್ಯಾ? ಉಬ್ವಾಲಿ ಮುದ್ದೆ ನಾನೇ ತಿರುವಿಟ್ಟಿದ್ದೀನಿ, ತಣ್ಣಗಾಗ್ತಿದೆ," ಎನ್ನುತ್ತಾ ಬಾಶಿ ಲೊಂಬೆ ಜಗಲಿಗೆ ಬಂದರು. ಸೊಂಟದ ಮೇಲೆ ಒಂದು ಕೈ. ಆ ಜಗಲಿಯ ಗೋಡೆಯನ್ನು ಮೆತ್ತಿದ್ದೂ ಅವರೇ, ಅದರ ಮೇಲೂ ಅಂಗೈ ಆಡಿಸಿದ ಗುರುತು. ಒಳ್ಳೇ ಕೈ ಎಂದು ಬೆಳಿಗ್ಗೆ ನಾನೇ ಹೊಗಳಿದ್ದೆ.

ನಾನು ಗಂಟೆ ಮುಂದೆ ಚಾಚಿದೆ. "ಇದು ಎಲ್ಲಿ ಸಿಕ್ತು?"

ಅವರು ಗಂಟೆ ನೋಡಿದರು, ಆಮೇಲೆ ನನ್ನನ್ನು ನೋಡಿದರು. ಸುಳ್ಳು ಹುಡುಕುವವರ ಕಣ್ಣು ಅಲ್ಲಿಲ್ಲಿ ಓಡುತ್ತದೆ. ಇವರ ಕಣ್ಣು ಓಡಲಿಲ್ಲ. ಅದಕ್ಕೇ ನನಗೆ ಹೆಚ್ಚು ಭಯವಾಯಿತು.

"ಸಂಪಾ ಹತ್ರ ಹೋಗಿದ್ಯಾ," ಅಂದರು. "ಹೋಗ್ತೀಯ ಅಂತ ಗೊತ್ತಿತ್ತು. ಇಷ್ಟು ಬೇಗ ಅಂತ ಗೊತ್ತಿರ್ಲಿಲ್ಲ."

"ನನ್ನ ಬೇಲೀನೇ ಎದ್ದು ಹೊಲ ಮೇಯ್ತಾ? ಇಟ್ಟಿಗೆ ಎಲ್ಲಿ? ಲುಪಾಂಡೊದವ್ರು ಅಂತ ಊರೆಲ್ಲರ ಎದುರು ಹೇಳಿದವ್ರು ನೀವೇ! ನಿಮ್ಮ ಮಗಳು ಮುಂದಿನ ತಿಂಗಳು ಹೆರ್ತಾಳೆ. ಅವಳೂ ಗಾಡೀಲೇ ಹೆರ್ಬೇಕಾ?"

"ಅವಳಿಗೋಸ್ಕರಾನೇ ತೆಗೆದೆ."

"ಏನಂದ್ರಿ?"

"ಶುಕ್ರವಾರ ಕಳೀಲಿ, ಎಲ್ಲಾ ಹೇಳ್ತೀನಿ."

"ಶುಕ್ರವಾರ ಕಳೆದ್ರೆ ಅನುದಾನಾನೂ ಕಳೆಯುತ್ತೆ! ಸಂಜೆ ನಾನು ಚಾವಡೀಲಿ ಹೆಸರು ಹೇಳ್ಬೇಕು. ಮಾತು ಕೊಟ್ಟಿದ್ದೀನಿ."

ಬಾಶಿ ಲೊಂಬೆ ನನ್ನ ಕೈಯನ್ನು ಗಂಟೆಯ ಸಮೇತ ತಮ್ಮ ಎರಡೂ ಕೈಗಳಲ್ಲಿ ಹಿಡಿದುಕೊಂಡರು. ಉಗುರಿನ ಸಂದಿಯಲ್ಲಿ ಇನ್ನೂ ಬೂದು ಮಣ್ಣಿತ್ತು. ಭಾನುವಾರದಿಂದ ಈ ಕೈಯಿಂದಲೇ ಅವರು ನನಗೆ ಚಹಾ ಕೊಡುತ್ತಿದ್ದರು.

"ಹಾಗಾದ್ರೆ ನನ್ನ ಹೆಸರೇ ಹೇಳು," ಅಂದರು ಮೆಲ್ಲಗೆ. "ಬೈಯ್ಲಿ, ಕಟ್ಟಿಹಾಕ್ಲಿ, ಪರ್ವಾಗಿಲ್ಲ. ಆದ್ರೆ ಮ್ವೆಲ್ವಾ ಮೇಡಂ ಬಂದು ಹೋಗೋವರ್ಗೂ ಇಟ್ಟಿಗೆ ಎಲ್ಲಿದೆ ಅಂತ ಹುಡುಕೋಕೆ ಮಾತ್ರ ಬಿಡ್ಬೇಡ. ನ್ಸೊಫ್ವಾಗಂತೂ ಬಿಡ್ಲೇಬೇಡ."

"ಯಾಕೆ? ನ್ಸೊಫ್ವಾ ಏನು ಮಾಡಿದಾನೆ?"

ಅವರು ಬಾಯಿ ತೆರೆಯುವಷ್ಟರಲ್ಲಿ ಬೇಲಿಯಾಚೆ ಸೈಕಲ್ ನಿಂತಿತು.

"ಬಾನಾ ಲೊಂಬೆ!" ಕೌನ್ಸಿಲರ್ ನ್ಸೊಫ್ವಾನ ದನಿ ಉತ್ಸಾಹದಲ್ಲಿತ್ತು. "ಚಾವಡೀಲಿ ಜನ ಸೇರ್ತಿದ್ದಾರೆ. ಹೆಸರು ಸಿಕ್ತಾ?"

ಗಂಡನ ಕೈ ನನ್ನ ಕೈ ಬಿಡಲಿಲ್ಲ. ಗಂಟೆ ಸದ್ದು ಮಾಡದ ಹಾಗೆ ನಾನು ಅದರ ನಾಲಿಗೆಯನ್ನು ಬೆರಳಿನಿಂದ ಒತ್ತಿ ಹಿಡಿದೆ.

"ಸಿಕ್ತು," ಅಂದೆ.